ನಡೆದರೆ ಫ್ರೇಮ್ ಮೇಲೆ ಕೆಳಗೆ ಕುಣಿಯುತ್ತದೆ: ಗಿಂಬಲ್ ಸಾಕೋ, ವೆಸ್ಟ್ ಮತ್ತು ಆರ್ಮ್ ಬೇಕೋ?

ಮೂರನೇ ಟೇಕ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಕೈಯಲ್ಲಿ ಹಿಡಿಯುವ ಮೋಟರ್ ಗಿಂಬಲ್ ಬಳಸುತ್ತಿದ್ದೇನೆ. ನಿಂತಲ್ಲೇ ತಿರುಗಿದರೆ ಶಾಟ್ ಚೆನ್ನಾಗಿಯೇ ಬರುತ್ತದೆ. ಆದರೆ ಮಾತಾಡುತ್ತಾ ನಡೆದು ಬರುವ ಇಬ್ಬರ ಮುಂದೆ ನಾನು ಹಿಮ್ಮುಖವಾಗಿ ನಡೆದರೆ ಫ್ರೇಮ್ ಕುಣಿಯುತ್ತದೆ. ಓರೆ ಆಗುವುದಿಲ್ಲ, ನಡುಗುವುದೂ ಇಲ್ಲ. ಸುಮ್ನೆ ದೋಣಿಯಲ್ಲಿ ಕೂತು ನೋಡಿದ ಹಾಗೆ ಏರುತ್ತದೆ, ಇಳಿಯುತ್ತದೆ. ಮೋಟರ್ ಸೆಟ್ಟಿಂಗ್ ಎಲ್ಲಾ ಬದಲಿಸಿ ನೋಡಿದೆ. ಮಂಡಿ ಬಗ್ಗಿಸಿ ಬೆಕ್ಕಿನ ಹಾಗೆ ನಡೆದೆ. ಹತ್ತು ನಿಮಿಷಕ್ಕೆ ತೊಡೆ ನಡುಗಿತು, ಫ್ರೇಮ್ ಕುಣಿಯುವುದು ಮಾತ್ರ ನಿಲ್ಲಲಿಲ್ಲ.

ಈಗ ಮೈಗೆ ಕಟ್ಟಿಕೊಳ್ಳುವ ಸ್ಟೆಬಿಲೈಸರ್ ತೆಗೆದುಕೊಳ್ಳೋಣ ಅಂತ ಮನಸ್ಸಾಗಿದೆ. ನನ್ನದು ಮಿರರ್‌ಲೆಸ್ ಕ್ಯಾಮೆರಾ, 24-70 ಜೂಮ್ ಲೆನ್ಸ್. ಎರಡೂ ಸೇರಿ ಒಂದೂವರೆ ಕೆಜಿ ದಾಟುವುದಿಲ್ಲ. ನಾನು ನೋಡಿರುವ ಆರ್ಮ್ (ಮೈಮೇಲಿನ ವೆಸ್ಟಿಗೆ ಸಿಗಿಸುವ ಸ್ಪ್ರಿಂಗ್ ತೋಳು) 5 ಕೆಜಿ ಹೊರುತ್ತದೆ ಅಂತ ಬರೆದಿದ್ದಾರೆ. ಬೇಕಾದಷ್ಟಾಯಿತು, ಅಲ್ವಾ?

ಹಳೇ ವೆಸ್ಟ್

ಸಾಕಾಗುವುದಿಲ್ಲ. ಆದರೆ ಅದಕ್ಕಿಂತ ಮೊದಲು ಕುಣಿತದ ವಿಷಯ.

ನಿಮ್ಮ ಹಳೇ ಶಾಟ್ ಒಂದನ್ನು ತೆಗೆದು ನೋಡಿ. ದೂರದ ಕಟ್ಟಡ ಕುಣಿಯುತ್ತಿದೆಯಾ, ಇಲ್ಲ ಹತ್ತಿರದ ಕಂಬ, ಬಾಗಿಲು, ಮುಖ ಮಾತ್ರ ಕುಣಿಯುತ್ತಿವೆಯಾ? ದೂರದ್ದು ಗಟ್ಟಿಯಾಗಿ ನಿಂತು ಹತ್ತಿರದ್ದು ಮಾತ್ರ ಏರಿಳಿದರೆ ನಿಮ್ಮ ಗಿಂಬಲ್ ಅದರ ಕೆಲಸ ಸರಿಯಾಗಿ ಮಾಡುತ್ತಿದೆ ಅಂತಲೇ ಅರ್ಥ.

ಕ್ಯಾಮೆರಾ ಆರು ತರ ಅಲುಗಬಹುದು. ಮೂರು ಅಲುಗಾಟ ತಿರುಗುವಂಥವು: ಎಡಕ್ಕೆ ಬಲಕ್ಕೆ ತಿರುಗುವುದು, ಮೂತಿ ಎತ್ತುವುದು ತಗ್ಗಿಸುವುದು, ಓರೆಯಾಗುವುದು. ಇನ್ನು ಮೂರು ಇದ್ದ ಜಾಗದಿಂದಲೇ ಸರಿಯುವಂಥವು: ಮುಂದೆ ಹಿಂದೆ, ಅತ್ತ ಇತ್ತ, ಮೇಲೆ ಕೆಳಗೆ. ಮೋಟರ್ ಗಿಂಬಲ್ಲಿಗೆ ಮೊದಲ ಮೂರನ್ನು ಮಾತ್ರ ತಡೆಯಲು ಬರುತ್ತದೆ. ನೀವು ಹೆಜ್ಜೆ ಇಟ್ಟಾಗ ಇಡೀ ಗಿಂಬಲ್ಲೇ ಕೈಯ ಜೊತೆ ಮೂರು ನಾಲ್ಕು ಸೆಂಟಿಮೀಟರ್ ಎದ್ದು ಇಳಿದರೆ ಅದು ಏನು ಮಾಡೀತು ಪಾಪ? ಎಷ್ಟು ಸೆಟ್ಟಿಂಗ್ ತಿರುವಿದರೂ ಅಷ್ಟೇ. ಆ ಏರಿಳಿತವನ್ನು ನುಂಗುವುದು ಸ್ಪ್ರಿಂಗ್ ಆರ್ಮ್. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ಸ್ಟೆಡಿಕ್ಯಾಮ್ ಮಾಡಿದಾಗ ಅದರಲ್ಲಿ ಮೋಟರ್ ಇರಲಿಲ್ಲ. ಮೈಗೆ ವೆಸ್ಟ್, ವೆಸ್ಟಿಗೆ ಆರ್ಮ್, ಆರ್ಮಿನ ತುದಿಗೆ ಸ್ಲೆಡ್, ಅಂದರೆ ಮೇಲೆ ಕ್ಯಾಮೆರಾ, ಕೆಳಗೆ ಮಾನಿಟರ್ ಬ್ಯಾಟರಿ ಕೂರುವ ಉದ್ದ ಕೋಲು (ಆ ಕೋಲೇ ಪೋಸ್ಟ್). ಇವತ್ತಿಗೂ ಮೂಲ ಅದೇ.

ಈಗ ತೂಕದ ಲೆಕ್ಕ. ಇಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೇನೆ. ಆರ್ಮ್ ಹೊರುವುದು ಬರೀ ಕ್ಯಾಮೆರಾ ಅಲ್ಲ, ತನ್ನ ತುದಿಯಲ್ಲಿ ನೇತಾಡುವ ಎಲ್ಲವನ್ನೂ. ಕ್ಯಾಮೆರಾ 750 ಗ್ರಾಂ, ಲೆನ್ಸ್ 700, ಮಾನಿಟರ್ 400, ವಿ-ಮೌಂಟ್ ಬ್ಯಾಟರಿ 700, ಫೋಕಸ್ ಮೋಟರ್ 200, ವಯರ್‌ಲೆಸ್ ವಿಡಿಯೋ ಡಬ್ಬಿ 150, ಪ್ಲೇಟು ಕೇಬಲ್ಲು ಅಂತ 300. ಇಷ್ಟಕ್ಕೇ 3.2 ಕೆಜಿ. ಸ್ಲೆಡ್ ಒಂದೇ 2.2 ಕೆಜಿ ಇತ್ತು ಅಂದುಕೊಳ್ಳಿ. 5.4 ಕೆಜಿ ಆಯಿತು. ನಿಮ್ಮ 5 ಕೆಜಿ ಆರ್ಮ್ ಆಗಲೇ ಕೆಳಗೆ ಜೋತುಬಿದ್ದಿರುತ್ತದೆ.

ಹಾಗಾಗಿ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಬರೆದಿರುವ ತೂಕ ಕ್ಯಾಮೆರಾದ್ದೋ, ಆರ್ಮ್ ಹೊರುವ ಒಟ್ಟು ತೂಕವೋ? ಜೊತೆಗೆ ಕನಿಷ್ಠ ತೂಕ ಎಷ್ಟು ಅಂತಲೂ ನೋಡಿ. ದೊಡ್ಡ ಆರ್ಮಿಗೆ ತೀರಾ ಹಗುರ ಹೊರೆ ಹಾಕಿದರೆ ಅದು ಮೇಲಕ್ಕೇ ಎದ್ದು ನಿಲ್ಲುತ್ತದೆ, ಕೆಳಗಿಳಿಯುವುದೇ ಇಲ್ಲ.

ಗಿಂಬಲ್ ಗೂಬೆ

ಗುರು, ಸ್ಲೆಡ್ ಯಾಕೆ? ಗಿಂಬಲ್ ಹೇಗೂ ಇದೆ. ವೆಸ್ಟ್ ಮತ್ತು ಆರ್ಮ್ ಮಾತ್ರ ತಗೊಂಡು ಆರ್ಮ್ ತುದಿಗೆ ಗಿಂಬಲ್ ಕೂರಿಸಿದರೆ ಆಯಿತು. ತಿರುಗುವ ಮೂರು ಅಲುಗಾಟ ಮೋಟರ್ ನೋಡಿಕೊಳ್ಳುತ್ತದೆ, ಏರಿಳಿತ ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಸ್ಲೆಡ್ ಕಲಿಯಲು ತಿಂಗಳುಗಟ್ಟಲೆ ಬೇಕು. ಇದು ಒಂದು ಮಧ್ಯಾಹ್ನದ ಕೆಲಸ.

ಇನ್ನೊಂದು ದಾರಿ ಈಸಿರಿಗ್. ಬೆನ್ನ ಹಿಂದಿನಿಂದ ತಲೆ ಮೇಲೆ ಒಂದು ಕೋಲು ಬರುತ್ತದೆ, ಅದರಿಂದ ಹಗ್ಗ ಇಳಿದು ಕ್ಯಾಮೆರಾ ಹಿಡಿಯುತ್ತದೆ, ಭಾರವೆಲ್ಲ ಸೊಂಟಕ್ಕೆ. ಮುಂಗೈ ಉಳಿಯುತ್ತದೆ. ಆದರೆ ಏರಿಳಿತ ಅಷ್ಟಾಗಿ ಹೋಗುವುದಿಲ್ಲ. ಅದಕ್ಕೆ ಕೋಲಿನ ತುದಿಗೆ ಹಾಕುವ ಸ್ಪ್ರಿಂಗ್ ಆರ್ಮ್ ಬೇರೆ ಸಿಗುತ್ತದೆ, ಫ್ಲೋಸಿನೆ ಸೆರೀನ್ ಅಂತ. ಅದನ್ನೂ ಸೇರಿಸಿದರೆ ನಡೆಯುವ ಶಾಟ್ ಚೆನ್ನಾಗಿ ಬರುತ್ತದೆ.

ಹಳೇ ವೆಸ್ಟ್

ಗೂಬೆ ಹೇಳಿದ್ದು ತಪ್ಪಲ್ಲ. ವೇಗವಾಗಿ ಓಡುವ ಶಾಟ್ ಜಾಸ್ತಿ ಇದ್ದರೆ, ಗಾಳಿ ಜಾಸ್ತಿ ಇದ್ದರೆ ನಾನೂ ಅದನ್ನೇ ಹೇಳುತ್ತೇನೆ. ಮೋಟರ್ ಮತ್ತು ಸ್ಲೆಡ್ ಎರಡನ್ನೂ ಒಂದಾಗಿಸಿದ ಆರಿ ಟ್ರಿನಿಟಿಯಂಥ ದೊಡ್ಡ ಸಾಧನಗಳೂ ಇವೆ.

ಆದರೆ ಮೂರನೇ ಟೇಕ್ ಕೇಳಿದ್ದು ಮಾತಾಡುತ್ತಾ ನಡೆಯುವವರ ಶಾಟ್. ಅದರಲ್ಲಿ ನಟ ತಟ್ಟನೆ ನಿಲ್ಲುತ್ತಾನೆ, ಅರ್ಧ ತಿರುಗುತ್ತಾನೆ, ಮತ್ತೆ ನಡೆಯುತ್ತಾನೆ. ಗಿಂಬಲ್ ನಿಮ್ಮ ಹಿಡಿಯ ಚಲನೆ ನೋಡಿ, ಇವರು ತಿರುಗುತ್ತಿದ್ದಾರೆ ಅಂತ ಊಹೆ ಮಾಡಿ, ಆಮೇಲೆ ತಿರುಗುತ್ತದೆ. ಆ ಚೂರು ತಡ ಕಾಣುತ್ತದೆ. ಸ್ಲೆಡ್ಡಿನಲ್ಲಿ ತಿರುಗಿಸುವುದು ನಿಮ್ಮ ಬೆರಳು. ನಟ ಉಸಿರು ತಗೊಂಡಾಗಲೇ ನಿಮಗೆ ಗೊತ್ತಾಗುತ್ತದೆ, ಬೆರಳು ಆಗಲೇ ಹೊರಟಿರುತ್ತದೆ.

ಕೊಳ್ಳುವ ಮೊದಲು ಒಂದು ವಾರ ಬಾಡಿಗೆಗೆ ತನ್ನಿ. ವೆಸ್ಟ್ ಅನ್ನುವುದು ಚಪ್ಪಲಿ ಇದ್ದ ಹಾಗೆ. ಇನ್ನೊಬ್ಬರ ಕಾಲಿಗೆ ಸರಿಹೋಗಿದ್ದು ನಿಮಗೆ ಕಚ್ಚಬಹುದು.

ಫೋಕಸ್ ಕೈ

ನಾನು ಫೋಕಸ್ ಎಳೆಯುವವಳು, ಅಂದರೆ ಶಾಟ್ ನಡೆಯುವಾಗ ಫೋಕಸ್ ಸರಿ ಇಡುವವಳು, ಈ ಯಂತ್ರ ಹೊತ್ತವಳಲ್ಲ. ಆದರೆ ಹೊತ್ತವರ ಪಕ್ಕದಲ್ಲಿ ಬೇಕಾದಷ್ಟು ಓಡಾಡಿದ್ದೇನೆ. ಆ 24-70 ಬಿಡಿ ಅಣ್ಣ. ಅಂಥ ಜೂಮುಗಳಲ್ಲಿ ಬಹಳಷ್ಟು ತಿರುಗಿಸಿದ ಹಾಗೆ ಮೂತಿ ಉದ್ದವಾಗುತ್ತವೆ. ಮೂತಿ ಉದ್ದವಾದರೆ ತೂಕ ಮುಂದಕ್ಕೆ ಹೋಗುತ್ತದೆ, ಇಡೀ ಸ್ಲೆಡ್ ಮುಂದೆ ವಾಲುತ್ತದೆ. ಆಪರೇಟರ್ ಕೈಯಲ್ಲಿ ಒತ್ತಿ ಹಿಡಿಯಲು ಶುರು ಮಾಡುತ್ತಾರೆ, ಅಲ್ಲಿಗೆ ಶಾಟ್ ಮುಗಿಯಿತು. ಹಗುರವಾದ, ಉದ್ದ ಬದಲಾಗದ 24 ಅಥವಾ 28 ಲೆನ್ಸಿನಿಂದ ಶುರು ಮಾಡಿ. ಅಗಲ ಲೆನ್ಸಿನಲ್ಲಿ ಕೈಯ ತಪ್ಪು ಕಡಿಮೆ ಕಾಣುತ್ತದೆ. 85 ಹಾಕಿದ ದಿನ ನಿಮ್ಮ ಎದೆಬಡಿತವೂ ಫ್ರೇಮಿನಲ್ಲಿ ಕಾಣುತ್ತದೆ, ಸ್ವಲ್ಪ ಜಾಸ್ತಿ ಹೇಳಿದೆ ಅನ್ನಿ.

ಓಡುವಾಗ ಆಪರೇಟರ್ ಲೆನ್ಸ್ ಮುಟ್ಟುವ ಹಾಗಿಲ್ಲ. ಹಾಗಾಗಿ ವಯರ್‌ಲೆಸ್ ಫಾಲೋ ಫೋಕಸ್ (ದೂರದಿಂದಲೇ ಮೋಟರ್ ಮೂಲಕ ಲೆನ್ಸಿನ ಫೋಕಸ್ ತಿರುಗಿಸುವ ಸಾಧನ) ಬೇಕು, ಇಲ್ಲವೇ ಕ್ಯಾಮೆರಾದ ಆಟೋಫೋಕಸ್ ನಂಬಬೇಕು. ಮೋಟರ್ ಹಾಕಿದ ಮೇಲೆಯೇ ಬ್ಯಾಲೆನ್ಸ್ ಮಾಡಿ. ಎಷ್ಟೋ ಜನ ಬ್ಯಾಲೆನ್ಸ್ ಎಲ್ಲಾ ಮುಗಿಸಿ "ಬಾಮ್ಮಾ, ಮೋಟರ್ ಹಾಕು" ಅಂತಾರೆ. ಹಾಕಿದ ತಕ್ಷಣ ಎಲ್ಲಾ ಮೊದಲಿಂದ. ಲೆನ್ಸ್ ಮುಚ್ಚಳ ತೆಗೆದಿರಬೇಕು, ಫಿಲ್ಟರ್ ಹಾಕಿರಬೇಕು, ಕಾರ್ಡ್ ಒಳಗಿರಬೇಕು, ಮಾನಿಟರಿನ ನೆರಳು ಮುಚ್ಚಿಗೆ ಬಿಚ್ಚಿರಬೇಕು. ಶಾಟ್ ತೆಗೆಯುವಾಗ ಹೇಗಿರುತ್ತದೋ ಹಾಗೆ.

ಮೂರನೇ ಟೇಕ್

ಎಲ್ಲರ ಮಾತು ಕೇಳಿ ಬಾಡಿಗೆಗೆ ತಂದೆ. ಐದು ದಿನ ಆಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ.

ಮೊದಲ ದಿನ ಶಾಟ್ ಮುಗಿದ ಮೇಲೆ ಸ್ಲೆಡ್ಡನ್ನು ಸ್ಟ್ಯಾಂಡಿಗೆ ಸಿಗಿಸಿ, ಆರ್ಮ್ ಅನ್ನು ಅದರಿಂದ ಬಿಡಿಸಿ ಕೈಬಿಟ್ಟೆ. ಆರ್ಮ್ ಟಪ್ ಅಂತ ಮೇಲೆದ್ದು ಗಲ್ಲಕ್ಕೆ ಬಡಿಯಿತು. ಎರಡು ದಿನ ಅಗಿಯುವಾಗ ನೋವು. ಸ್ಪ್ರಿಂಗ್ ಇರುವುದು ಗೊತ್ತಿತ್ತು, ಹೊರೆ ಇಳಿದ ಮೇಲೆ ಅದು ಸುಮ್ನಿರುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ.

ಎರಡನೆಯದು, ಹೊರಟಾಗ ಕ್ಯಾಮೆರಾ ಮೂತಿ ತಗ್ಗಿಸುತ್ತದೆ, ನಿಂತಾಗ ಮೂತಿ ಎತ್ತುತ್ತದೆ. ಪ್ರತಿ ಸಲ. ಮೂರನೆಯದು ಬಲ ಹೆಗಲು ನೋವು. ನಾಲ್ಕನೆಯದು, ಕೈಬಿಟ್ಟರೆ ಇಡೀ ಯಂತ್ರ ನನ್ನನ್ನು ಬಿಟ್ಟು ಎಡಕ್ಕೆ ಓಡಿಹೋಗುತ್ತದೆ.

ಆದರೆ ಒಂದು ಶಾಟ್, ಒಂದೇ ಒಂದು, ಹನ್ನೆರಡು ಸೆಕೆಂಡಿನದು, ತೇಲಿದ ಹಾಗೆ ಬಂತು. ಅದನ್ನೇ ನಲವತ್ತು ಸಲ ನೋಡಿದ್ದೇನೆ.

ಹಳೇ ವೆಸ್ಟ್

ಗಲ್ಲದ ಪೆಟ್ಟು ಎಲ್ಲರಿಗೂ ಒಂದು ಸಲ ಆಗುತ್ತದೆ. ಹೊರೆ ಇಳಿಸುವಾಗ ಒಂದು ಕೈ ಯಾವಾಗಲೂ ಆರ್ಮ್ ಮೇಲಿರಲಿ, ನಿಧಾನಕ್ಕೆ ಮೇಲೆ ಬಿಡಿ. ಸ್ಪ್ರಿಂಗ್ ಇರುವ ಭಾಗದ ಪಿನ್ನು, ಸ್ಕ್ರೂ ಯಾವುದನ್ನೂ ಬಿಚ್ಚಿ ನೋಡುವ ಸಾಹಸ ಬೇಡ. ಸ್ಟ್ಯಾಂಡಿನ ಕಾಲಿನ ಮೇಲೆ ಮರಳು ಚೀಲ ಇಡಿ.

ಮೂತಿ ಎತ್ತಿ ತಗ್ಗಿಸುವುದು ಡ್ರಾಪ್ ಟೈಮಿನ ಕಾಯಿಲೆ. ಅಳೆದಿದ್ದೀರಾ? ಪೋಸ್ಟನ್ನು ನೆಲಕ್ಕೆ ಸಮವಾಗಿ ಅಡ್ಡ ಹಿಡಿಯಿರಿ. ಕೈಬಿಡಿ. ಕೆಳಗಿನ ತುದಿ ಬಿದ್ದು ನೆಟ್ಟಗಿನ ಗೆರೆ ದಾಟುವವರೆಗೆ ಎಷ್ಟು ಸೆಕೆಂಡ್ ಅಂತ ಎಣಿಸಿ. ಎರಡರಿಂದ ಮೂರು ಸೆಕೆಂಡ್ ಇದ್ದರೆ ಕಲಿಯುವವರಿಗೆ ಒಳ್ಳೆಯದು. ನಿಮ್ಮದು ಒಂದೇ ಸೆಕೆಂಡಿಗೆ ಬೀಳುತ್ತಿರಬೇಕು, ಅಂದರೆ ಕೆಳಗೆ ಭಾರ ಜಾಸ್ತಿ. ಹೊರಟಾಗ ಕೆಳಗಿನ ಭಾರ ಹಿಂದೆ ಉಳಿಯುತ್ತದೆ, ಮೇಲಿನ ಕ್ಯಾಮೆರಾ ಮುಂದೆ ಬಾಗುತ್ತದೆ. ನಿಂತಾಗ ಉಲ್ಟಾ. ಗಡಿಯಾರದ ಲೋಲಕ ಹೊತ್ತು ನಡೆದ ಹಾಗೆ. ಸ್ಲೆಡ್ಡಿನ ಗಿಂಬಲ್ಲನ್ನು ಪೋಸ್ಟಿನ ಮೇಲೆ ಸ್ವಲ್ಪ ಕೆಳಗೆ ಜಾರಿಸಿ, ಮತ್ತೆ ಬೀಳಿಸಿ ನೋಡಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್ ಸಾಕು. ತೀರಾ ಹತ್ತು ಸೆಕೆಂಡಿಗೆ ಒಯ್ಯಬೇಡಿ, ಆಗ ಅದಕ್ಕೆ ಯಾವುದು ಕೆಳಗೆ ಯಾವುದು ಮೇಲೆ ಅನ್ನುವುದೇ ಮರೆತುಹೋಗುತ್ತದೆ.

(ಹೊಸಬರಿಗೆ: ಸ್ಲೆಡ್ಡಿನ ಗಿಂಬಲ್ ಅಂದರೆ ಪೋಸ್ಟನ್ನು ಹಿಡಿದಿರುವ ಬೇರಿಂಗ್ ಉಂಗುರ. ಮೋಟರ್ ಇರುವುದಿಲ್ಲ. ಒಂದೇ ಹೆಸರು, ಎರಡು ಸಾಮಾನು.)

ಹೆಗಲು ನೋವು ಅಂದರೆ ಸೊಂಟದ ಪಟ್ಟಿ ಸಡಿಲ. ಭಾರ ಇಳಿಯಬೇಕಾದ್ದು ಸೊಂಟದ ಮೂಳೆಯ ಮೇಲೆ. ಸೊಂಟದ ಪಟ್ಟಿ ಮೊದಲು ಬಿಗಿ ಮಾಡಿ, ಆಮೇಲೆ ಎದೆಯದು, ಕೊನೆಗೆ ಹೆಗಲಿನದು. ಹೊರೆ ಹಾಕಿದ ಮೇಲೂ ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು. ಬೆನ್ನಿನ ಕೆಳಗೆ ಮಾಂಸಖಂಡ ದಣಿದ ನೋವು ಮೊದಲ ವಾರ ಇದ್ದೇ ಇರುತ್ತದೆ. ಕಾಲಿಗೆ ಇಳಿಯುವ ನೋವು, ಜೋಮು ಬಂದರೆ ಮಾತ್ರ ಅಲ್ಲಿಗೇ ಬಿಚ್ಚಿ, ಡಾಕ್ಟರಿಗೆ ತೋರಿಸಿ. ಟೇಕ್ ಟೇಕಿನ ನಡುವೆ ಹೊತ್ತುಕೊಂಡೇ ನಿಂತು ಮಾತಾಡಬೇಡಿ. ನಿರ್ದೇಶಕರು ಯೋಚನೆ ಮಾಡಲಿ, ನೀವು ಸ್ಟ್ಯಾಂಡಿಗೆ ಸಿಗಿಸಿ.

ಎಡಕ್ಕೆ ಓಡಿಹೋಗುವುದಕ್ಕೆ ವೆಸ್ಟಿನ ಮುಂದಿರುವ ಸಾಕೆಟ್ ಬ್ಲಾಕ್ ನೋಡಿ. ಅಲ್ಲಿ ಎರಡು ತಿರುಪು. ಒಂದು ಆರ್ಮನ್ನು ಎಡಕ್ಕೆ ಬಲಕ್ಕೆ ವಾಲಿಸುತ್ತದೆ, ಇನ್ನೊಂದು ಮುಂದೆ ಹಿಂದೆ. ನೆಟ್ಟಗೆ ನಿಂತು ಕೈಬಿಟ್ಟರೆ ಯಂತ್ರ ನಾಲ್ಕೈದು ಸೆಕೆಂಡ್ ನಿಮ್ಮ ಪಕ್ಕದಲ್ಲೇ ತೇಲಬೇಕು. ಆದರೆ ತಿರುಪು ಮುಟ್ಟುವ ಮೊದಲು ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಹತ್ತಕ್ಕೆ ಏಳು ಸಲ ವಾಲಿರುವುದು ನಾವೇ. ಭಾರ ಎಡಗಡೆ ಮುಂದಿದೆ ಅಂತ ಸೊಂಟ ಮುರಿದು ಒಂದು ಕಡೆ ಬಾಗಿ ನಿಂತಿರುತ್ತೇವೆ.

ಗುಂಡುಪಿನ್

ಒಂದು ಮಾತು ಸೇರಿಸುತ್ತೇನೆ. ನಿಂತಾಗ ಬ್ಯಾಲೆನ್ಸ್ ಸರಿ ಇದ್ದು, ಬೇಗ ತಿರುಗಿಸಿದಾಗ ಸ್ಲೆಡ್ ಬುಗುರಿ ಹಾಗೆ ತೂರಾಡಿದರೆ ಅದು ಬೇರೆಯೇ ತೊಂದರೆ. ಕ್ಯಾಮೆರಾ ಮೇಲೆ, ಮಾನಿಟರ್ ಕೆಳಗೆ ಮುಂದೆ, ಬ್ಯಾಟರಿ ಕೆಳಗೆ ಹಿಂದೆ. ಈ ಮೂರೂ ಒಂದಕ್ಕೊಂದು ಹೊಂದಬೇಕು. ನಾನು ಮಾಡುವುದು ಹೀಗೆ: ಕ್ಯಾಮೆರಾವನ್ನು ಲೆನ್ಸ್, ಪ್ಲೇಟ್ ಸಮೇತ ಒಂದು ಪೆನ್ಸಿಲ್ ಮೇಲೆ ಅಡ್ಡ ಇಟ್ಟು, ಎಲ್ಲಿ ತಕ್ಕಡಿ ಹಾಗೆ ನಿಲ್ಲುತ್ತದೋ ಅಲ್ಲಿ ಬಿಳಿ ಟೇಪ್ ಅಂಟಿಸುತ್ತೇನೆ. ಮೇಲೆ ಕೂರಿಸುವಾಗ ಆ ಟೇಪ್ ಪೋಸ್ಟಿನ ನಡುಗೆರೆಗಿಂತ ಸುಮಾರು 2 ಸೆಂಟಿಮೀಟರ್ ಹಿಂದಿರಲಿ. ಆಮೇಲೆ ಬ್ಯಾಟರಿ ಹಿಂದೆ ಮುಂದೆ ಮಾಡಿ ನೆಟ್ಟಗೆ ನಿಲ್ಲಿಸಿ. ನಿಧಾನಕ್ಕೆ ತಿರುಗಿಸಿ. ತೂರಾಡಿದರೆ ಬ್ಯಾಟರಿಯನ್ನು ಚೂರು ಸರಿಸಿ, ಕ್ಯಾಮೆರಾ ಸರಿಸಿ ಮತ್ತೆ ನೆಟ್ಟಗೆ ಮಾಡಿ, ಮತ್ತೆ ತಿರುಗಿಸಿ. ಬೇಜಾರಿನ ಕೆಲಸ. ಸಿಕ್ಕ ಮೇಲೆ ಎಲ್ಲಾ ಜಾಗಕ್ಕೂ ಗುರುತು ಹಾಕಿಕೊಳ್ಳಿ.

ಬ್ಯಾಟರಿ ಎರಡು ತಗೊಂಡರೆ ಎರಡೂ ಒಂದೇ ಮಾದರಿ ಇರಲಿ. ತೂಕ ಬೇರೆ ಆದರೆ ಬದಲಿಸಿದ ಪ್ರತಿ ಸಲ ಇದೇ ಗೋಳು. ವಿಮಾನದಲ್ಲಿ ಓಡಾಡುವವರಾದರೆ 100 ವ್ಯಾಟ್-ಅವರ್ ಒಳಗಿನದ್ದೇ ಸರಿ. ಅದಕ್ಕಿಂತ ದೊಡ್ಡದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಪ್ರಯಾಣಿಕರ ಜೊತೆ ಬಿಡುವುದೇ ಇಲ್ಲ.

ಕ್ಯಾಮೆರಾದಿಂದ ಪೋಸ್ಟಿಗೆ ಹೋಗುವ ಕೇಬಲ್ ತೆಳ್ಳಗಿರಲಿ, ಸಡಿಲವಾಗಿರಲಿ. ಪೋಸ್ಟಿನಿಂದ ಹೊರಗೆ ಯಾವ ವಯರೂ ನಿಮ್ಮ ಮೈಗೆ ಬರಬಾರದು. ದಪ್ಪ ಎಚ್‌ಡಿಎಂಐ ಕೇಬಲ್ ಒಂದು ಸಾಕು, ಇಡೀ ಸ್ಲೆಡ್ಡನ್ನು ಎಳೆಯಲು.

ಗಿಂಬಲ್ ಗೂಬೆ

ನೋಡಿದ್ರಾ? ಪೆನ್ಸಿಲ್, ಟೇಪು, ಬುಗುರಿ. ನಾನು ಹೇಳಿದ್ದು ಒಂದು ಮಧ್ಯಾಹ್ನದ ಕೆಲಸ ಅಂತ. 😀

ಗುಂಡುಪಿನ್

ಗೂಬೆ, ನಿಮ್ಮ ಗಿಂಬಲ್ಲನ್ನೂ ಬ್ಯಾಲೆನ್ಸ್ ಮಾಡದೆ ಆನ್ ಮಾಡಿದರೆ ಮೋಟರ್ ಅಳುತ್ತದೆ. ಅಲ್ಲೂ ತಪ್ಪಿದ್ದಲ್ಲ. ಆರ್ಮಿಗೆ ಕೂರಿಸುವವರು ಇನ್ನೊಂದು ನೋಡಬೇಕು: ಆರ್ಮ್ ತುದಿಯ ಗೂಟ ಅರ್ಧ ಇಂಚಿನದು ಇರುತ್ತದೆ, 5/8 ಇಂಚಿನದೂ ಇರುತ್ತದೆ. ಒಂದರ ಹಿಡಿ ಇನ್ನೊಂದಕ್ಕೆ ಕೂರುವುದಿಲ್ಲ. ಬೇರೆ ಬೇರೆ ಕಡೆಯಿಂದ ಆರ್ಮ್, ಸ್ಲೆಡ್ ಕೊಂಡು ಆಮೇಲೆ ಕೈ ಹಿಸುಕಿಕೊಂಡವರಲ್ಲಿ ನಾನೂ ಒಬ್ಬ.

ಹಳೇ ವೆಸ್ಟ್

ಹಗುರ ಕ್ಯಾಮೆರಾದವರಿಗೆ ಒಂದು ವಿಚಿತ್ರ ಸಲಹೆ: ತೂಕ ಸೇರಿಸಿ. ಕ್ಯಾಮೆರಾ ಕೆಳಗೆ ಅರ್ಧ ಕೆಜಿಯ ಕಬ್ಬಿಣದ ಪ್ಲೇಟ್ ಹಾಕಿ. ಹಗುರವಾದದ್ದು ಬೆರಳು ತಾಗಿದರೆ ಓಡುತ್ತದೆ. ಭಾರವಾದದ್ದು, ಅದರಲ್ಲೂ ಭಾರ ಪೋಸ್ಟಿನಿಂದ ದೂರ ಹರಡಿದ್ದು, ಸೋಮಾರಿ. ನಮಗೆ ಸೋಮಾರಿಯೇ ಬೇಕು. ಆರ್ಮಿನ ಮಿತಿಯೊಳಗೆ ಮಾತ್ರ.

ಗಾಳಿಗೂ ಅದೇ ಮದ್ದು, ಸ್ವಲ್ಪ ಮಟ್ಟಿಗೆ. ಬೀಸುಗಾಳಿಯಲ್ಲಿ ಮಾನಿಟರಿನ ಮುಚ್ಚಿಗೆ, ಲೆನ್ಸಿನ ಮುಂದಿನ ಅಗಲ ಡಬ್ಬಿ ಎಲ್ಲಾ ಹಾಯಿಪಟ ಆಗುತ್ತವೆ. ಬೇಡದ್ದು ತೆಗೆದುಬಿಡಿ, ಗಾಳಿ ಬರುವ ಕಡೆ ಒಬ್ಬರು ದೊಡ್ಡ ಬಟ್ಟೆಯ ಚೌಕಟ್ಟು ಹಿಡಿದು ಜೊತೆಗೆ ನಡೆಯಲಿ.

ಅಭ್ಯಾಸಕ್ಕೆ: ಗೋಡೆಗೆ ಟೇಪಿನಿಂದ ಒಂದು ಪ್ಲಸ್ ಗುರುತು, ನೆಲದ ಮೇಲೆ ಅದರ ಕಡೆ ಹೋಗುವ ಒಂದು ನೇರ ಗೆರೆ. ಮಾನಿಟರಿನ ನಡುಗುರುತನ್ನು ಗೋಡೆಯ ಗುರುತಿನ ಮೇಲೆ ಕೂರಿಸಿ ಗೆರೆ ಹಿಡಿದು ಹೋಗಿ, ನಿಲ್ಲಿ, ಹಿಂದೆ ಬನ್ನಿ. ಆಮೇಲೆ ನೀವು ಮುಂದೆ ನಡೆಯುತ್ತಾ ಕ್ಯಾಮೆರಾ ಹಿಂದೆ ನೋಡುವ ಹಾಗೆ ಮಾಡಿ. ಆಪರೇಟರುಗಳು ಅದಕ್ಕೆ ಡಾನ್ ಹುವಾನ್ ಅನ್ನುತ್ತಾರೆ. ನಿಮ್ಮ ಮೊದಲ ಪ್ರಶ್ನೆಯ ಶಾಟಿಗೆ ಅದೇ ಬೇಕು: ಹಿಮ್ಮುಖವಾಗಿ ನಡೆಯುವ ಬದಲು ಎದುರು ನೋಡುತ್ತಾ ನಡೆಯಬಹುದು, ಎಡವುವುದು ಕಡಿಮೆ. ಮೆಟ್ಟಿಲಿದ್ದರೆ ಮಾತ್ರ ಯಾವ ದಿಕ್ಕಿಗೇ ಆಗಲಿ, ವೆಸ್ಟಿನ ಬೆನ್ನು ಹಿಡಿಯಲು ಒಬ್ಬರು ಬೇಕೇ ಬೇಕು. ಮಂಡಿ ಬಗ್ಗಿಸಿ ಬೆಕ್ಕಿನ ನಡಿಗೆ ಇಲ್ಲಿ ಬೇಡ. ಸಹಜವಾಗಿ ನಡೆಯಿರಿ, ಆರ್ಮ್ ಇದೆಯಲ್ಲ.

ಕ್ಯಾಮೆರಾ ಒಳಗಿನ ಸ್ಟೆಬಿಲೈಸೇಶನ್ ಆಫ್ ಮಾಡಿ ಒಂದು ಟೇಕ್, ಆನ್ ಮಾಡಿ ಒಂದು ಟೇಕ್ ತೆಗೆದು ನೋಡಿ. ಅಗಲ ಲೆನ್ಸಿನಲ್ಲಿ ನಡೆಯುವಾಗ ಫ್ರೇಮಿನ ಮೂಲೆಗಳು ರಬ್ಬರ್ ಹಾಗೆ ಎಳೆದಾಡಿದರೆ ಆಫ್ ಇರಲಿ.

ಮೂರನೇ ಟೇಕ್

ಬಾಡಿಗೆ ಇನ್ನೊಂದು ವಾರ ಮುಂದುವರಿಸಿದೆ. ಡ್ರಾಪ್ ಟೈಮ್ ಒಂದು ಸೆಕೆಂಡೂ ಇರಲಿಲ್ಲ! ಗಿಂಬಲ್ ಮೂರು ಸಲ ಕೆಳಗೆ ಜಾರಿಸಿದ ಮೇಲೆ ಎರಡೂವರೆಗೆ ಬಂತು. ಮೂತಿ ಎತ್ತುವುದು ನಿಂತಿದೆ. ಸೊಂಟದ ಪಟ್ಟಿ ಬಿಗಿ ಮಾಡಿದೆ, ಹೆಗಲು ಆರಾಮು. ಕನ್ನಡಿ ಮುಂದೆ ನಿಂತರೆ ನೀವು ಹೇಳಿದ ಹಾಗೇ ಒಂದು ಕಡೆ ಬಾಗಿದ್ದೆ. ತಿರುಪು ಅರ್ಧ ಸುತ್ತು ಮಾತ್ರ ಬೇಕಾಯಿತು. ಜೂಮ್ ಬಿಟ್ಟು 28 ಹಾಕಿದೆ. ಕೊಳ್ಳುವುದಾದರೆ ಮೊದಲು 8 ಕೆಜಿ ಒಟ್ಟು ಹೊರುವ ಆರ್ಮ್, ನನ್ನ ಅಳತೆಯ ವೆಸ್ಟ್. ಸ್ಲೆಡ್ ಸದ್ಯಕ್ಕೆ ಹಳೆಯದು ಸಿಕ್ಕರೂ ಸಾಕು ಅಂದುಕೊಂಡಿದ್ದೇನೆ.

ಒಂದೇ ತೊಂದರೆ ಉಳಿದಿದೆ. ನಡೆಯುವಾಗ ಎಲ್ಲಾ ಸರಿ. ನಿಂತ ಮೇಲೆ ಫ್ರೇಮ್ ಬಲಕ್ಕೆ ಬೆರಳಗಲ ಜಾರಿ ನಿಲ್ಲುತ್ತದೆ. ಪ್ರತಿ ಸಲ ಬಲಕ್ಕೇ. ಬ್ಯಾಲೆನ್ಸ್ ಎರಡು ಸಲ ನೋಡಿದೆ, ಕೇಬಲ್ ಸಡಿಲ ಇದೆ.

ಹಳೇ ವೆಸ್ಟ್

ಆರ್ಮ್, ವೆಸ್ಟ್ ಮೊದಲು ಅನ್ನುವುದು ಸರಿಯಾದ ಲೆಕ್ಕ. ಸ್ಲೆಡ್ ಆಮೇಲೆ ಬದಲಿಸಬಹುದು. ಹಳೇ ಸ್ಲೆಡ್ ನೋಡುವಾಗ ಗಿಂಬಲ್ಲಿನ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ. ಮರಳು ಸಿಕ್ಕ ಹಾಗೆ ಸದ್ದು ಬಂದರೆ ಬೇಡ.

ಬಲಕ್ಕೆ ಜಾರುವುದಕ್ಕೆ: ನಿಲ್ಲುವ ಹೊತ್ತಿನಲ್ಲಿ ನಿಮ್ಮ ಎಡಗೈ ಬೆರಳುಗಳನ್ನು ಯಾರಿಗಾದರೂ ಹೇಳಿ ಫೋನಿನಲ್ಲಿ ಹತ್ತಿರದಿಂದ ತೆಗೆಸಿ. ಪೋಸ್ಟ್ ಹಿಡಿದ ಬೆರಳುಗಳು ಮಾತ್ರ ಕಾಣಲಿ.

ಮೂರನೇ ಟೇಕ್

ತೆಗೆಸಿದೆ. ನಿಲ್ಲುವ ಹೊತ್ತಿಗೆ ಹೆಬ್ಬೆರಳಿನ ಉಗುರು ಬೆಳ್ಳಗಾಗಿದೆ.

ಫೋಕಸ್ ಕೈ

😀 ನಮ್ಮವರದೂ ಹಾಗೇ ಇತ್ತು. ಉಗುರಿಗೆ ಕೆಂಪು ಚುಕ್ಕೆ ಇಟ್ಟುಕೊಂಡು ಓಡಾಡುತ್ತಿದ್ದರು, ನೆನಪಿರಲಿ ಅಂತ.